ಇಂದ ಇದೆ, ಗೆ ಇಲ್ಲ



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಮೇಷ್ಟ್ರು ನನಗೂ ಪಾಠ ಹೇಳಿದವರು. ಎಂಟನೇ ತರಗತಿಯಲ್ಲಿ ಪತ್ರಲೇಖನ ಕಲಿಸುವಾಗ ಅವರದು ಭಾರಿ ಕಟ್ಟುನಿಟ್ಟು. ಎಡಗಡೆ ‘ಇಂದ’, ಅದರ ಕೆಳಗೆ ‘ಗೆ’, ಆಮೇಲೆ ‘ಮಾನ್ಯರೇ’, ‘ವಿಷಯ’, ಕೊನೆಗೆ ಸ್ಥಳ, ದಿನಾಂಕ, ಸಹಿ. ‘ಗೆ’ ಬಿಟ್ಟವನ ಹಾಳೆಯನ್ನು ಅವರು ಓದುತ್ತಲೇ ಇರಲಿಲ್ಲ. ಕೆಂಪು ಶಾಯಿಯಲ್ಲಿ ಒಂದು ಸೊನ್ನೆ ಸುತ್ತಿ, “ಇದನ್ನ ಯಾರೋ ಓದಬೇಕು? ನಾನೋ, ಪೋಸ್ಟ್‌ಮ್ಯಾನೋ, ನಿಮ್ಮಪ್ಪನೋ?” ಎಂದು ಕೇಳುತ್ತಿದ್ದರು. ನಾವು ನಗುತ್ತಿದ್ದೆವು. ಮುಂದೆ ನಾನೇ ಪಿಯು ಕಾಲೇಜಿನಲ್ಲಿ ಕನ್ನಡ ಕಲಿಸಲು ನಿಂತಾಗ ಅದೇ ಪ್ರಶ್ನೆಯನ್ನು ಮೂವತ್ತು ವರ್ಷ ಕೇಳಿದೆ.

ಇವತ್ತಿನ ವಿಷಯ ಸಮಿತಿಯವರೇ ಕೊಟ್ಟದ್ದು: ಜಾಲತಾಣಗಳಲ್ಲಿ ಬರೆದದ್ದು ಬಹುಕಾಲ ಉಳಿಯುತ್ತದೆಂಬುದನ್ನು ಯುವಜನರಿಗೆ ಕಲಿಸುವುದು ಹೇಗೆ? ನಾನು ಕಂಪ್ಯೂಟರ್ ಬಲ್ಲವನಲ್ಲ. ಆದರೆ ಇನ್‌ಸ್ಟಾಗ್ರಾಂನಲ್ಲಿ, ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಮಕ್ಕಳು ಮಾಡುತ್ತಿರುವುದು ಮೂಲತಃ ಬರವಣಿಗೆ. ಬರವಣಿಗೆ ಕಲಿಸಿದವನಿಗೆ ಅದರ ಬಗ್ಗೆ ಮಾತಾಡುವ ಹಕ್ಕು ಇದ್ದೇ ಇದೆ.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಮೇಷ್ಟ್ರ ಪತ್ರಕ್ಕೂ ಇವತ್ತಿನ ಪೋಸ್ಟ್‌ಗೂ ಇರುವ ವ್ಯತ್ಯಾಸ ಇಷ್ಟೇ. ಪೋಸ್ಟ್‌ನಲ್ಲಿ ‘ಇಂದ’ ಇದೆ, ‘ಗೆ’ ಇಲ್ಲ. ಕೈಯಿಂದ ಕೈಗೆ ಹೋಗುತ್ತ ಅದರ ದಿನಾಂಕ ಉದುರುತ್ತದೆ, ವಿಷಯ ಹರಿದುಹೋಗುತ್ತದೆ. ಕೊನೆಗೆ ಉಳಿಯುವುದು ‘ಇಂದ’ ಒಂದೇ, ಅಂದರೆ ಬರೆದ ಮಗುವಿನ ಹೆಸರು. ಇದನ್ನು ಮಕ್ಕಳಿಗೆ ಬಿಡಿಸಿ ತೋರಿಸಬೇಕು. ಆದರೆ ಹೆದರಿಸಿ ಅಲ್ಲ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆ ನಿಮಗೆಲ್ಲ ಗೊತ್ತು. ಈ ವಿಷಯ ಮಾತಾಡುವವರೆಲ್ಲ ಅದರಿಂದಲೇ ಶುರುಮಾಡುತ್ತಾರೆ. ನನಗೆ ಅದರ ಬಗ್ಗೆ ಒಂದು ಸಣ್ಣ ತಕರಾರಿದೆ. ಗಾದೆ ಹುಟ್ಟಿದ ಕಾಲದಲ್ಲಿ ಆಡಿದ ಮಾತು ನಿಜವಾಗಿಯೂ ಹೋಗುತ್ತಿತ್ತು. ಜಗಲಿಯ ಮೇಲೆ ಹದಿನಾರರ ಹುಡುಗ ಆಡಿದ ಕೊಂಕು ನಾಲ್ಕು ದಿನ ಊರು ಸುತ್ತಿ, ಮಳೆ ಬಿತ್ತೆಂದರೆ ಬಿತ್ತನೆಯ ಗಡಿಬಿಡಿಯಲ್ಲಿ ಮರೆತುಹೋಗುತ್ತಿತ್ತು. ಉಳಿಯಲೇಬೇಕಾದದ್ದನ್ನು ಮಾತ್ರ ಕಲ್ಲಿಗೆ ಹಾಕಿಸುತ್ತಿದ್ದರು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ ಹದಿನಾರೇ ಸಾಲು. ಕಲ್ಲು ಹುಡುಕಬೇಕು, ರೂವಾರಿಗೆ ಕೂಲಿ ಕೊಡಬೇಕು, ಅವನು ಉಳಿ ಹಿಡಿದು ಕೂರುವ ಮೊದಲು ಒಕ್ಕಣೆ ಸರಿಯಿದೆಯೇ ಎಂದು ನಾಲ್ಕು ಜನ ನೋಡಬೇಕು. ಸಿಟ್ಟು ಬಂದ ಎರಡೇ ನಿಮಿಷದಲ್ಲಿ ಶಾಸನ ಹಾಕಿಸಲು ಯಾವ ಅರಸನಿಗೂ ಸಾಧ್ಯವಿರಲಿಲ್ಲ. ಈಗ ಜಗಲಿಯ ಮಾತಿಗೇ ಕಲ್ಲಿನ ಆಯುಸ್ಸು ಬಂದಿದೆ. ಮಕ್ಕಳು ಆಡುತ್ತಿರುವುದು ಹರಟೆ, ಅದು ಬೀಳುತ್ತಿರುವುದು ಶಾಸನದ ಮೇಲೆ.

ಈಗ ‘ಗೆ’ಯನ್ನು ನೋಡೋಣ. 2017ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಸೀಟು ಸಿಕ್ಕಿದ್ದ ಕೆಲವು ಹುಡುಗ ಹುಡುಗಿಯರು ಫೇಸ್‌ಬುಕ್‌ನಲ್ಲಿ ತಮ್ಮದೇ ಒಂದು ಖಾಸಗಿ ಗುಂಪು ಮಾಡಿಕೊಂಡರು. ಅಲ್ಲಿ ಮೀಮ್‌ಗಳ ಪೈಪೋಟಿ. ಯಾರದು ಹೆಚ್ಚು ಅತಿರೇಕದ್ದು ಎಂಬ ಪಂದ್ಯದಲ್ಲಿ ಲೈಂಗಿಕ ದೌರ್ಜನ್ಯ, ಜನಾಂಗ, ಮಕ್ಕಳ ಸಾವು ಎಲ್ಲವೂ ತಮಾಷೆಯ ಸರಕಾಯಿತು. ಅದು ವಿಶ್ವವಿದ್ಯಾಲಯದ ಕಣ್ಣಿಗೆ ಬಿತ್ತು. ಕನಿಷ್ಠ ಹತ್ತು ಮಂದಿಯ ಪ್ರವೇಶ ರದ್ದಾಯಿತು. ಕಾಲೇಜಿಗೆ ಕಾಲಿಡುವ ಮೊದಲೇ ಹೊರಗಾದರು. ಅವರ ಲೆಕ್ಕದಲ್ಲಿ ‘ಗೆ’ ಎಂದರೆ ‘ನಮ್ಮವರಿಗೆ’. ಖಾಸಗಿ ಗುಂಪು ಎಂದರೆ ಏನು? ಅದರಲ್ಲಿರುವ ಅಷ್ಟೂ ಜನ ಕೊನೆಯತನಕ ಸ್ನೇಹಿತರಾಗಿಯೇ ಇರುತ್ತಾರೆಂಬ ನಂಬಿಕೆ. ಪಿಯುಸಿಯ ಎರಡು ವರ್ಷದಲ್ಲಿ ಎಷ್ಟು ಸ್ನೇಹ ಮುರಿದು, ಎಷ್ಟು ಹೊಸದಾಗಿ ಕೂಡುತ್ತವೆಂದು ಕಂಡ ನಮ್ಮಂಥವರಿಗೆ ಆ ನಂಬಿಕೆಯ ಬೆಲೆ ಗೊತ್ತು.

ಅಮೆರಿಕ ನಮಗೆ ದೂರವೇನೂ ಅಲ್ಲ. ಈ ಸಭಾಂಗಣದಲ್ಲಿ ಮಗನನ್ನೋ ಮಗಳನ್ನೋ ಎಂ.ಎಸ್. ಓದಲು ಅಲ್ಲಿಗೆ ಕಳಿಸಿದವರಿದ್ದೀರಿ. 2019ರ ಮೇ ಕೊನೆಯಿಂದ ಆ ದೇಶದ ವೀಸಾ ಅರ್ಜಿಯಲ್ಲಿ ಹಿಂದಿನ 5 ವರ್ಷ ಬಳಸಿದ ಜಾಲತಾಣ ಖಾತೆಗಳ ಹೆಸರು ತುಂಬಬೇಕು. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಕೇಳುವವರು ಆ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂದು ಸೂಚನೆಯಾಯಿತು. ಅದು ನ್ಯಾಯವೇ ಎಂಬುದು ಬೇರೆ ಚರ್ಚೆ. ಅರ್ಜಿ ತುಂಬುವ ಹುಡುಗಿಗೆ 22 ವರ್ಷ ಎಂದುಕೊಳ್ಳಿ. ಐದು ವರ್ಷ ಹಿಂದಕ್ಕೆ ಎಣಿಸಿದರೆ ಅವಳಿನ್ನೂ ಪಿಯುಸಿ. ಆಗ ಗೆಳತಿಯರನ್ನು ನಗಿಸಲು ಬರೆದದ್ದರ ‘ಗೆ’ ಜಾಗದಲ್ಲಿ ಈಗ ಗಾಜಿನ ಕಿಟಕಿಯಾಚೆ ಕೂತ ಅಧಿಕಾರಿ ಬಂದು ಕೂತಿರುತ್ತಾನೆ.

ಇದನ್ನು ತರಗತಿಯಲ್ಲಿ ಹೇಗೆ ಕಲಿಸುವುದು? ನಿವೃತ್ತಿಯ ಹಿಂದಿನ ವರ್ಷ ನಾನು ಮಾಡಿದ ಒಂದು ಪ್ರಯೋಗ ಹೇಳುತ್ತೇನೆ. ಕಪ್ಪುಹಲಗೆಯ ಮೇಲೆ ಒಂದು ವಾಕ್ಯ ಬರೆದೆ: ‘ಈ ಹಳ್ಳಿ ಗುಗ್ಗುಗಳ ಜೊತೆ ಒಂದೇ ಬಸ್ಸಲ್ಲಿ ಬರೋದು ನರಕ.’ ತರಗತಿ ಗೊಳ್ಳೆಂದಿತು. ಆಮೇಲೆ ಐದು ಚೀಟಿ ಮಾಡಿ ಹಂಚಿದೆ. ಒಂದರಲ್ಲಿ ಬಸ್ಸಿನ ಕಂಡಕ್ಟರ್, ಇನ್ನೊಂದರಲ್ಲಿ ಬರೆದವನ ಅಜ್ಜಿ, ಮತ್ತೊಂದರಲ್ಲಿ ಅವನಿಗೆ ಕೆಲಸ ಕೊಡಬೇಕಾದ ಕಂಪನಿಯ ಎಚ್‌ಆರ್, ನಾಲ್ಕನೆಯದರಲ್ಲಿ ಮುಂದೊಂದು ದಿನ ಹುಟ್ಟಲಿರುವ ಅವನ ಮಗಳು, ಐದನೆಯದರಲ್ಲಿ ಅದೇ ಬಸ್ಸಿನಲ್ಲಿ ಬರುವ ಹುಡುಗಿ. ಚೀಟಿ ಬಂದವರು ಎದ್ದು ನಿಂತು, ಆ ಪಾತ್ರವಾಗಿ ವಾಕ್ಯವನ್ನು ಓದಿ, ಮನಸ್ಸಿಗೆ ಬಂದದ್ದನ್ನು ಹೇಳಬೇಕು. ಕಂಡಕ್ಟರ್ ಆದವನು “ಪಾಸು ತೋರ್ಸಪ್ಪ ರಾಜಕುಮಾರ” ಎಂದು ಎಲ್ಲರನ್ನೂ ನಗಿಸಿದ. ಅಜ್ಜಿಯಾದವಳು “ನಿನ್ನ ಹೆತ್ತೋಳೂ ಹಳ್ಳಿಯವಳೇ ಕಣೋ” ಎಂದಳು. ಐದನೆಯ ಚೀಟಿ ಸಿಕ್ಕಿದ್ದು ನಿಜವಾಗಿಯೂ ದಿನಾ ಅಂಥದೊಂದು ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಗೆ. ಅವಳು ಹಲಗೆಯನ್ನು ಒಮ್ಮೆ ನೋಡಿ, “ಸರ್, ಇದಕ್ಕೆ ನನಗೆ ಆ್ಯಕ್ಟಿಂಗ್ ಬೇಕಾಗಿಲ್ಲ” ಎಂದು ಕೂತುಬಿಟ್ಟಳು.

ಆಮೇಲೆ ನಾನು ಪಾಠ ಹೇಳುವ ಅಗತ್ಯ ಬರಲಿಲ್ಲ. ಸಂಜೆ ಸ್ಟಾಫ್‌ರೂಮಿನ ಬಾಗಿಲಲ್ಲಿ ಒಬ್ಬ ಹುಡುಗ ನಿಂತಿದ್ದ. “ಸರ್, ಹೋದ ವರ್ಷ ಹಾಕಿದ್ದು ಒಂದಿದೆ. ತೆಗೀಲಾ?” ಎಂದ. “ತೆಗಿ. ಯಾರ ಬಗ್ಗೆ ಹಾಕಿದ್ದೆಯೋ ಅವರಿಗೊಂದು ಮಾತು ಹೇಳಿ ತೆಗಿ” ಎಂದೆ. ‘ಇಂಟರ್‌ನೆಟ್ ಮರೆಯುವುದಿಲ್ಲ, ಹುಷಾರ್’ ಎಂದು ನೂರು ಸಲ ಹೇಳಿದ್ದರೂ ಅವನು ಆ ಬಾಗಿಲಿಗೆ ಬರುತ್ತಿರಲಿಲ್ಲ.

ಇನ್ನು ದಿನಾಂಕ. ನಾನು ಕಲಿಸುತ್ತಿದ್ದ ಕಾಲೇಜಿನ ಹಾಸ್ಟೆಲಿನಲ್ಲಿ ಒಬ್ಬ ವಾರ್ಡನ್ ಇದ್ದರು, ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದರು. ಒಬ್ಬ ಹುಡುಗ ಅವರ ನಡಿಗೆಯನ್ನು ಅಣಕಿಸಿ ಇಪ್ಪತ್ತು ಸೆಕೆಂಡಿನ ವಿಡಿಯೋ ಹಾಕಿದ. ರಾತ್ರಿಯೇ ತೆಗೆದ. ಬೆಳಿಗ್ಗೆ ಹೋಗಿ ಕಾಲಿಗೆ ಬಿದ್ದ. ವಾರ್ಡನ್ ದೊಡ್ಡ ಮನುಷ್ಯ. “ನನ್ನ ಕಾಲು ನಿನಗಿಂತ ಚೆನ್ನಾಗಿ ಕುಂಟುತ್ತೆ ಕಣೋ, ಸರಿಯಾಗಿ ಕಲಿ” ಎಂದು ಬೆನ್ನು ತಟ್ಟಿ ಕಳಿಸಿದರು. ಅಲ್ಲಿಗೆ ಮುಗಿಯಿತೆಂದುಕೊಂಡೆವು. ಆರು ವರ್ಷದ ಮೇಲೆ ಅದೇ ಹುಡುಗ ಒಂದು ಖಾಸಗಿ ಶಾಲೆಯಲ್ಲಿ ಮೇಷ್ಟ್ರಾದ. ಯಾರೋ ಆ ವಿಡಿಯೋವನ್ನು ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು, ‘ಇಂಥವರು ನಮ್ಮ ಮಕ್ಕಳಿಗೆ ಮೇಷ್ಟ್ರು’ ಎಂಬ ತಲೆಬರಹದೊಂದಿಗೆ. ವಾರದಲ್ಲಿ ಅವನ ಕೆಲಸ ಹೋಯಿತು. ನಾನು ಆಡಳಿತ ಮಂಡಳಿಯವರ ಹತ್ತಿರ ಹೋಗಿ, ಇದು ಅವನು ಹದಿನೇಳರಲ್ಲಿ ಮಾಡಿದ್ದು, ಕ್ಷಮೆ ಕೇಳಿಯೂ ಆಗಿದೆ ಎಂದೆ. “ಸರ್, ವಿಡಿಯೋ ನಿಜ ತಾನೇ?” ಎಂದರು. ನಿಜವೇ. ಅದರಲ್ಲಿ ತಾರೀಖಿರಲಿಲ್ಲ, ಮರುದಿನ ಬೆಳಗಿನ ಕ್ಷಮಾಪಣೆ ಇರಲಿಲ್ಲ, ವಾರ್ಡನ್ನರ ನಗುವೂ ಇರಲಿಲ್ಲ. ಇಷ್ಟು ಬಿಟ್ಟರೆ ಎಲ್ಲ ನಿಜವೇ.

ಇದರ ಪಕ್ಕದಲ್ಲಿ ಇನ್ನೊಂದು ಪ್ರಕರಣ ಇಡುತ್ತೇನೆ, ಕ್ರಿಕೆಟ್ ನೋಡುವ ಹುಡುಗರಿಗೆ ನೆನಪಿರಬಹುದು. 2021ರ ಜೂನ್‌ನಲ್ಲಿ ಇಂಗ್ಲೆಂಡಿನ ವೇಗಿ ಆಲಿ ರಾಬಿನ್‌ಸನ್ ಲಾರ್ಡ್ಸ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದ. ಅದೇ ದಿನ, 2012 ಮತ್ತು 2013ರಲ್ಲಿ, ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ ಅವನು ಮಾಡಿದ್ದ ಜನಾಂಗದ್ವೇಷದ, ಹೆಣ್ಣುಮಕ್ಕಳನ್ನು ಹೀಗಳೆಯುವ ಟ್ವೀಟ್‌ಗಳು ಹೊರಬಂದವು. ಆಟ ಮುಗಿದ ಸಂಜೆ ಕ್ಯಾಮೆರಾ ಮುಂದೆ ನಿಂತು ಕ್ಷಮೆ ಕೇಳಿದ. ಆ ಟೆಸ್ಟಿನಲ್ಲಿ ಏಳು ವಿಕೆಟ್ ಪಡೆದರೂ ಮುಂದಿನ ಟೆಸ್ಟಿಗೆ ಅವನನ್ನು ಅಮಾನತಿನಲ್ಲಿಟ್ಟರು. ವಿಚಾರಣೆ ನಡೆಯಿತು. 8 ಪಂದ್ಯಗಳ ನಿಷೇಧ, ಅದರಲ್ಲಿ 5 ಪಂದ್ಯದ ಶಿಕ್ಷೆ ತಡೆಹಿಡಿದದ್ದು, 3,200 ಪೌಂಡ್ ದಂಡ. ಆಗಸ್ಟ್‌ನಲ್ಲಿ ಭಾರತದ ವಿರುದ್ಧದ ಸರಣಿಗೆ ಮರಳಿದ, ಹೆಡಿಂಗ್ಲಿಯಲ್ಲಿ ಪಂದ್ಯಶ್ರೇಷ್ಠನೂ ಆದ. ಬರೆದದ್ದಕ್ಕೆ ಬೆಲೆ ತೆತ್ತ, ಅದು ಸರಿಯೇ. ಆದರೆ ಅಲ್ಲಿ ಯಾರೋ ಕೂತು ತಾರೀಖು ನೋಡಿದರು, ವಯಸ್ಸು ನೋಡಿದರು, ಶಿಕ್ಷೆಗೊಂದು ಕೊನೆ ಇಟ್ಟರು. ನನ್ನ ಹುಡುಗನ ಶಿಕ್ಷೆಗೆ ಕೊನೆಯ ದಿನವನ್ನು ಯಾರೂ ಬರೆಯಲಿಲ್ಲ.

‘ಅಳಿಸಿದರೆ ಆಯಿತಲ್ಲ ಸರ್’ ಎನ್ನುವ ಮಕ್ಕಳಿಗೆ ಅಳಿಸುವುದು ಹೇಗೆ ನಡೆಯುತ್ತದೆ ಎಂದು ತಾಳ್ಮೆಯಿಂದ ಹೇಳಬೇಕು. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದನ್ನು ಎಲ್ಲರ ಫೋನಿನಿಂದ ತೆಗೆಯುವ ಸೌಲಭ್ಯ 2017ರಲ್ಲಿ ಬಂದಾಗ ಏಳು ನಿಮಿಷದ ಗಡುವಿತ್ತು, ಈಗ ಎರಡು ದಿನಕ್ಕೂ ಹೆಚ್ಚು. ಆದರೆ ಸ್ಕ್ರೀನ್‌ಶಾಟ್ ತೆಗೆಯಲು ಎರಡು ಸೆಕೆಂಡ್ ಸಾಕು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಯನ್ನೇ ಅಳಿಸಲು ಕೇಳಿಕೊಂಡರೆ ಮನಸ್ಸು ಬದಲಿಸಲು 30 ದಿನ ಕೊಡುತ್ತಾರೆ. ಅವರ ಯಂತ್ರಗಳಿಂದ ಪೂರ್ತಿ ಹೋಗಲು 90 ದಿನದವರೆಗೂ ಹಿಡಿಯಬಹುದು. 1996ರಲ್ಲಿ ಶುರುವಾದ ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆ ಜಗತ್ತಿನ ಜಾಲಪುಟಗಳ ಪ್ರತಿ ತೆಗೆದು ಜೋಪಾನ ಮಾಡುತ್ತಿದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2006ರಿಂದ 2017ರವರೆಗಿನ ಸಾರ್ವಜನಿಕ ಟ್ವೀಟ್‌ಗಳನ್ನೆಲ್ಲ ಸಂಗ್ರಹಿಸಿಟ್ಟಿದೆ. ಅಳಿಸಿದರೆ ನಮ್ಮ ಗೋಡೆಯ ಮೇಲಿನದು ಅಳಿಯುತ್ತದೆ, ಪ್ರತಿ ತೆಗೆದುಕೊಂಡವರ ಮನೆಯದು ಉಳಿಯುತ್ತದೆ. ಹಾಗೆಂದು ಅಳಿಸುವುದು ದಂಡವೇನಲ್ಲ. ಎಷ್ಟೋ ಪೋಸ್ಟ್‌ಗಳನ್ನು ಯಾರೂ ತೆಗೆದಿಟ್ಟಿರುವುದಿಲ್ಲ. ಬೇಗ ತೆಗೆದಷ್ಟೂ ಒಳ್ಳೆಯದು. ಇದನ್ನೂ ಸೇರಿಸಿ ಹೇಳದಿದ್ದರೆ ನಾವು ಹೇಳಿದ್ದು ಅರ್ಧಸತ್ಯ.

ಈಗ ‘ಇಂದ’. ಇಲ್ಲಿ ದೊಡ್ಡವರು ಸ್ವಲ್ಪ ತಲೆ ತಗ್ಗಿಸಬೇಕು. ಮಗುವಿನ ಮೊದಲ ಪೋಸ್ಟ್ ಮಗು ಹಾಕಿದ್ದಲ್ಲ. ನಾಮಕರಣದ ಫೋಟೋ, ಎಣ್ಣೆನೀರಿನ ಫೋಟೋ, ಅಳುವ ವಿಡಿಯೋ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ನೋಂದಣಿ ಸಂಖ್ಯೆಯ ಸಮೇತ, ಎಲ್ಲವನ್ನೂ ಹಾಕಿದವರು ನಾವು. ಫಲಿತಾಂಶ ಬಂದ ಮಧ್ಯಾಹ್ನ ಶಾಲೆಗಳು ಮಕ್ಕಳ ಮುಖಗಳನ್ನು ಫ್ಲೆಕ್ಸಿಗೂ ಫೇಸ್‌ಬುಕ್ಕಿಗೂ ಏರಿಸುತ್ತವೆ, ಕೇಳುವವರಿಲ್ಲ. ಕೇಳದೆ ಹಾಕಬಾರದೆಂದು ಮಗುವಿಗೆ ಕಲಿಸಬೇಕಾದರೆ ಮೊದಲು ನಾವು ಆ ಮಗುವನ್ನು ಕೇಳಬೇಕು.

ಫಾರ್ವರ್ಡ್ ಮಾಡಿದವರೂ ‘ಇಂದ’ವೇ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರ ಕಾರನ್ನು ಮಕ್ಕಳ ಕಳ್ಳರದೆಂದು ಅಡ್ಡಗಟ್ಟಿ ಜನ ಹೊಡೆದರು, ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅವರ ಮೇಲಿನ ಅನುಮಾನಕ್ಕೆ ಕಾರಣ. ಕಾರಿಗಿಂತ ಮುಂಚೆ ವಾಟ್ಸ್ಆ್ಯಪ್ ಸಂದೇಶ ಮುಂದಿನ ಊರು ತಲುಪಿತ್ತು. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳಿಸುವ ಮಿತಿ ತಂದಿತು. ಬರೆಯದಿದ್ದರೂ ನಮ್ಮ ಬೆರಳು ತಾಗಿದ್ದಕ್ಕೆ ನಾವು ಬಾಧ್ಯರು.

ಇಷ್ಟು ಹೇಳಿದೆನೆಂದು ಮಕ್ಕಳೇ, ಬಾಯಿ ಮುಚ್ಚಿಕೊಂಡಿರಿ ಎಂದು ತಿಳಿಯಬೇಡಿ. 2012ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಬ್ಬ ಯುವತಿ ಮುಂಬೈ ಬಂದ್ ಆದದ್ದನ್ನು ಪ್ರಶ್ನಿಸಿ ಫೇಸ್‌ಬುಕ್‌ನಲ್ಲಿ ಬರೆದಳು, ಇನ್ನೊಬ್ಬಳು ಲೈಕ್ ಒತ್ತಿದಳು. ಇಬ್ಬರನ್ನೂ ಬಂಧಿಸಿದರು. ಆ ಸುದ್ದಿ ಓದಿ ಶ್ರೇಯಾ ಸಿಂಘಾಲ್ ಎಂಬ ಯುವತಿ ಸುಪ್ರೀಂ ಕೋರ್ಟಿಗೆ ಹೋದಳು. 2015ರ ಮಾರ್ಚ್ 24ರಂದು ನ್ಯಾಯಾಲಯ, ಇಂಥ ಬಂಧನಗಳಿಗೆ ಬಳಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನೇ ತೆಗೆದುಹಾಕಿತು. ಪಾಲ್ಘರ್‌ನ ಪೋಸ್ಟ್ ಸಭ್ಯವಾಗಿತ್ತು, ಓದುವವರು ಯಾರು ಬಂದರೂ ತಲೆಯೆತ್ತಿ ನಿಲ್ಲಬಲ್ಲ ಮಾತಾಗಿತ್ತು. ಅಂಥದನ್ನು ಬರೆಯಿರಿ. ಅದು ಕಲ್ಲಿನಲ್ಲೇ ಉಳಿಯಲಿ.

ಕಾನೂನು ಏನು ಹೇಳುತ್ತದೆ ಎಂದು ಕೇಳುತ್ತೀರಿ. 2014ರಲ್ಲಿ ಯುರೋಪಿನ ನ್ಯಾಯಾಲಯವು, ಸ್ಪೇನಿನ ಒಬ್ಬ ವ್ಯಕ್ತಿಯ 1998ರ ಹಳೆಯ ಹರಾಜು ಪ್ರಕಟಣೆಯನ್ನು ಗೂಗಲ್ ತನ್ನ ಹುಡುಕಾಟದಿಂದ ತೆಗೆಯಬೇಕೆಂದಿತು. ಪತ್ರಿಕೆಯಲ್ಲಿ ಅದು ಹಾಗೆಯೇ ಉಳಿಯಿತು. ಅಮೆರಿಕದ ಕ್ಯಾಲಿಫೋರ್ನಿಯಾ 2015ರಿಂದ, ಹದಿನೆಂಟರೊಳಗಿನ ಮಕ್ಕಳು ತಾವು ಹಾಕಿದ್ದನ್ನು ತೆಗೆಸಬಹುದೆಂದಿತು. ಬೇರೆಯವರು ನಕಲು ಮಾಡಿ ಹಾಕಿದ್ದಕ್ಕೆ ಅದು ಅನ್ವಯಿಸದು. 2017ರ ಜನವರಿಯಲ್ಲಿ ನಮ್ಮದೇ ಕರ್ನಾಟಕ ಹೈಕೋರ್ಟ್, ತಂದೆಯೊಬ್ಬರ ಅರ್ಜಿಯ ಮೇರೆಗೆ, ಇಂಟರ್‌ನೆಟ್‌ನಲ್ಲಿ ಹುಡುಕಿದಾಗ ಮಗಳ ಹೆಸರು ಹಳೆಯ ಪ್ರಕರಣದೊಂದಿಗೆ ಕಾಣದಂತೆ ತನ್ನ ಕಚೇರಿ ನೋಡಿಕೊಳ್ಳಬೇಕೆಂದಿತು. ಅದೇ ವರ್ಷದ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಕೊಟ್ಟ, ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪಿನ ಹಿಂದಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಆ ಹಿರಿಯರು ಕೋರ್ಟಿನ ಮೆಟ್ಟಿಲು ಹತ್ತಿದ್ದರು. ಒಂಬತ್ತು ನ್ಯಾಯಮೂರ್ತಿಗಳ ಆ ಪೀಠದಲ್ಲಿದ್ದ ಸಂಜಯ್ ಕಿಶನ್ ಕೌಲ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ, ಮಕ್ಕಳು ತಿಳಿಯದೆ ಮಾಡಿದ ತಪ್ಪಿನ ಫಲವನ್ನು ಬದುಕಿಡೀ ಹೊರುವಂತಾಗಬಾರದು ಎಂಬರ್ಥದಲ್ಲಿ ಬರೆದರು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಅಳಿಸಿಸುವ ಹಕ್ಕು ಬಂದಿದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಭಾಗಗಳ ಜಾರಿಗೆ 18 ತಿಂಗಳ ಅವಧಿ ಇಟ್ಟಿದ್ದಾರೆ. ಕಾನೂನಿಗೆ ಕಂಪನಿಯ ಕೈ ಹಿಡಿಯಲು ಬರುತ್ತದೆ. ನೆರೆಯವನ ಫೋನಿನ ಗ್ಯಾಲರಿಗೆ ಅದು ಕೈ ಹಾಕಲಾರದು.

ಹೆದರಿಸಬೇಡಿ ಎಂದೆನಲ್ಲ, ಅದಕ್ಕೆ ಬರುತ್ತೇನೆ. ಶಾಲೆಗಳಲ್ಲಿ ನಡೆಯುವ ಎಷ್ಟೋ ಜಾಗೃತಿ ಕಾರ್ಯಕ್ರಮಗಳ ಸಾರ ಒಂದೇ: ‘ಒಂದು ಫೋಟೋ ಹೊರಗೆ ಹೋಯಿತೆಂದರೆ ನಿನ್ನ ಬಾಳು ಮುಗಿಯಿತು.’ ಇದೇ ಮಾತನ್ನು ಮಕ್ಕಳಿಗೆ ಹೇಳುವವನು ಇನ್ನೊಬ್ಬನಿದ್ದಾನೆ. ಹುಡುಗಿಯ ಫೋಟೋ ಕೈಯಲ್ಲಿಟ್ಟುಕೊಂಡು ದುಡ್ಡಿಗೋ ಇನ್ನೊಂದು ಫೋಟೋಗೋ ಪೀಡಿಸುವ ಬ್ಲ್ಯಾಕ್‌ಮೇಲರ್. ಅವನ ಬಂಡವಾಳವೆಲ್ಲ ಆ ಒಂದು ವಾಕ್ಯ. ನಾವು ಮೊದಲೇ ಅದನ್ನು ಬಾಯಿಪಾಠ ಮಾಡಿಸಿ ಅವನ ಕೆಲಸ ಹಗುರ ಮಾಡಿರುತ್ತೇವೆ. ಬಾಳು ಮುಗಿಯಿತೆಂದು ನಂಬಿದ ಮಗು ಅಮ್ಮನ ಹತ್ತಿರ ಬರುವುದಿಲ್ಲ, ಮೇಷ್ಟ್ರ ಹತ್ತಿರ ಬರುವುದಿಲ್ಲ.

ಆ ಮಗುವಿಗೆ ಗೊತ್ತಿರಬೇಕಾದದ್ದು ಬೇರೆ. ಖಾಸಗಿ ಅಂಗಾಂಗದ ಚಿತ್ರ ಯಾರಾದರೂ ಹಾಕಿದರೆ, ದೂರು ಬಂದ ಕೆಲವೇ ಗಂಟೆಗಳಲ್ಲಿ ಜಾಲತಾಣ ಅದನ್ನು ತೆಗೆಯಬೇಕೆಂದು ಮಾಹಿತಿ ತಂತ್ರಜ್ಞಾನ ನಿಯಮಗಳು ಹೇಳುತ್ತವೆ. ಹದಿನೆಂಟರೊಳಗಿನವರ ಅಂಥ ಚಿತ್ರಗಳಿಗಾಗಿ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಅದಕ್ಕೆ ಚಿತ್ರವನ್ನು ಯಾರಿಗೂ ಕಳಿಸಬೇಕಾಗಿಲ್ಲ. ನಮ್ಮ ಫೋನಿನಲ್ಲೇ ಆ ಚಿತ್ರದ ಒಂದು ಗುರುತಿನ ಸಂಖ್ಯೆ ತಯಾರಾಗಿ, ಆ ಸಂಖ್ಯೆ ಮಾತ್ರ ಹೋಗುತ್ತದೆ. ಸೈಬರ್ ಅಪರಾಧಕ್ಕೆ 1930, ಮಕ್ಕಳ ಸಹಾಯವಾಣಿಗೆ 1098. ಇವೆಲ್ಲಕ್ಕಿಂತ ಮೊದಲು, ಹೇಳಿಕೊಂಡರೆ ಬೈಗುಳ ಬೀಳುವುದಿಲ್ಲ ಎಂಬ ಧೈರ್ಯ. ಅದನ್ನು ಯಾವ ಸರ್ಕಾರವೂ ಕೊಡಲಾರದು, ಮನೆಯಲ್ಲೇ ಹುಟ್ಟಬೇಕು.

ಕೊನೆಯದಾಗಿ ಎರಡು ವಿನಂತಿ. ಮುಖ್ಯೋಪಾಧ್ಯಾಯರಲ್ಲಿ ಒಂದು: ಪತ್ರಲೇಖನ ಈಗಾಗಲೇ ಪಾಠದಲ್ಲಿದೆ, ಹೊಸ ಪಠ್ಯಕ್ರಮ ಬೇಡ, ಹೊಸ ಸುತ್ತೋಲೆಯೂ ಬೇಡ. ಅದಕ್ಕೆ ಒಂದೇ ಒಂದು ಪೀರಿಯಡ್ ಸೇರಿಸಿ. ಪತ್ರದ ಪಕ್ಕ ಒಂದು ಪೋಸ್ಟ್ ಬರೆದು, ‘ಗೆ’ ಎಲ್ಲಿದೆ ಎಂದು ಮಕ್ಕಳನ್ನೇ ಕೇಳಿ. ಐದು ಚೀಟಿ ಸಾಕು.

ಇನ್ನೊಂದು ವಿನಂತಿ ಇಲ್ಲಿರುವ ನಮ್ಮ ವಯಸ್ಸಿನವರಿಗೆಲ್ಲ. ನಾವೂ ಹದಿನಾರರಲ್ಲಿ ಆಡಬಾರದ್ದನ್ನು ಆಡಿದವರೇ. ನಮ್ಮ ಅದೃಷ್ಟಕ್ಕೆ ಅದು ಮಳೆಗೆ ಕೊಚ್ಚಿಹೋಯಿತು. ಯಾರದೋ ಹಳೆಯ ಸ್ಕ್ರೀನ್‌ಶಾಟ್ ನಿಮ್ಮ ಫೋನಿಗೆ ಬಂದಾಗ, ಇನ್ನೊಬ್ಬರಿಗೆ ಕಳಿಸುವ ಮೊದಲು ದಿನಾಂಕ ಹುಡುಕಿ. ಸಿಗದಿದ್ದರೆ ಅದನ್ನು ನಿಮ್ಮಲ್ಲೇ ನಿಲ್ಲಿಸಿ.